ಭಾಗೀರಥಿಗೆ ಈಜು ಬರುತ್ತಿರಲಿಲ್ಲವೇ?

ಹೋದ ವರ್ಷ ಪರೀಕ್ಷೆಗೆ ಸ್ವಲ್ಪ ಮುಂಚೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಒಂದು ಪುಸ್ತಕದ ವಿಚಾರಣೆ ನಡೆಯಿತು. ಆರೋಪಿ ಹಾಜರಿ ಪುಸ್ತಕಗಳ ನಡುವೆ ಮೇಜಿನ ಮೇಲೆ ಬಿದ್ದಿತ್ತು. ಕಪ್ಪು ರಟ್ಟು, ಅದರ ಮೇಲೆ ಬಾಣ ಕಚ್ಚಿದ ಬಂಗಾರದ ಹಕ್ಕಿ. ಹೆಸರು ‘ದಿ ಹಂಗರ್ ಗೇಮ್ಸ್’. ಬರೆದಾಕೆ ಅಮೆರಿಕದ ಸುಝಾನ್ ಕಾಲಿನ್ಸ್. ಆರೋಪವೇನೆಂದರೆ, ಹತ್ತನೆಯ ತರಗತಿಯ ಒಬ್ಬ ನೇಕಾರರ ಮನೆಯ ಹುಡುಗಿ, ಸೋದರಮಾವನ ಜೊತೆ ಮದುವೆ ಮಾತಾಡಲು ಹಿರಿಯರೆಲ್ಲ ಕೂತಿದ್ದಾಗ, ಚಹಾದ ತಾಟು ಹಿಡಿದುಕೊಂಡೇ “ನಾ ಒಲ್ಲೆ” ಎಂದುಬಿಟ್ಟಿದ್ದಳು. ಮರುದಿನ ಆಕೆಯ ತಂದೆ ಶಾಲೆಗೆ ಬಂದು, “ನೀವು ಇಲ್ಲಿ ಏನ್ ಕಲಸಾಕ ಹತ್ತೀರಿ?” ಎಂದು ಕೂಗಾಡಿ ಹೋದರು.

“ಇಂಥಾ ಪುಸ್ತಕ ಓದಿದ್ರ ಮತ್ತೇನಾಗತೈತಿ ಬಾಯಾರ? ಹುಡುಗ್ರು ಹುಡುಗ್ರನ್ನ ಕೊಲ್ಲೂ ಕಥಿ ಅಂತ,” ಎಂದರು ಒಬ್ಬ ಮಾಸ್ತರು.

“ನೀವು ಓದೀರೇನ್ರಿ ಸರ್?”

“ಓದೂದೇನೈತ್ರಿ ಅದನ್ನ. ರಟ್ಟು ನೋಡಿದ್ರ ಗೊತ್ತಾಗತೈತಿ.”

ನಾನು ಆಗ ಸುಮ್ಮನಿದ್ದೆ. ಸುಮ್ಮನಿದ್ದ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಸಂಗತಿ. ಆ ನೇಕಾರರ ಹುಡುಗಿ ಈ ಪುಸ್ತಕವನ್ನು ಓದಿಯೇ ಇಲ್ಲ. ಓದಿದವಳು ಅವಳ ಗೆಳತಿ, ಗ್ರಾನೈಟ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವರ ಮಗಳು. ಬೆಂಗಳೂರಿನ ಚಿಕ್ಕಮ್ಮನ ಮಗಳು ಕೊಟ್ಟ ಮೂರು ಭಾಗಗಳನ್ನು ಡಿಕ್ಷನರಿ ಹಿಡಿದು ಮುಗಿಸಿದ್ದಳು. ಡಿಸೆಂಬರಿನಲ್ಲಿ ನಾವು ಪ್ರವಾಸ ಹೊರಟಾಗ, ಇಳಕಲ್ಲು ಬಿಟ್ಟು ಹುನಗುಂದ ದಾಟುವಷ್ಟರಲ್ಲಿ ಹಾಡುಗಳೆಲ್ಲ ಮುಗಿದವು. ಆಗ ಈಕೆ ಸೀಟಿನ ಮೇಲೆ ಮೊಣಕಾಲೂರಿ ಹಿಂದಕ್ಕೆ ತಿರುಗಿ ಆ ಕಥೆಯನ್ನು ನಮ್ಮ ಕಡೆಯ ಮಾತಿನಲ್ಲಿ ಹೇಳಲು ಶುರುಮಾಡಿದಳು. ಅಮೀನಗಡದಲ್ಲಿ ಬಸ್ಸು ನಿಲ್ಲಿಸಿ ಕರದಂಟು ಕೊಂಡೆವು. ಹಸಿವಿನ ಕಥೆ ಕೇಳುತ್ತ ಎಲ್ಲರೂ ಕರದಂಟು ತಿಂದರು. ನಾನೂ ತಿಂದೆ.

ಓದದವರಿಗಾಗಿ ಕಥೆಯ ಎಳೆ ಹೇಳುತ್ತೇನೆ. ಮುಂದೆಂದೋ ಬರುವ ಕಾಲದ ಒಂದು ದೇಶ. ನಡುವೆ ಕ್ಯಾಪಿಟಲ್ ಎಂಬ ಶ್ರೀಮಂತ ರಾಜಧಾನಿ, ಸುತ್ತ ಹನ್ನೆರಡು ಜಿಲ್ಲೆಗಳು. ಜಿಲ್ಲೆಗಳಿಗೆ ಹೆಸರಿಲ್ಲ, ನಂಬರು ಮಾತ್ರ. ಒಂದು ಕಲ್ಲಿದ್ದಲು ಕಳಿಸಬೇಕು, ಒಂದು ಬಟ್ಟೆ, ಒಂದು ಕಾಳುಕಡಿ. ಹಿಂದೆ ದಂಗೆ ಎದ್ದ ತಪ್ಪಿಗೆ ವರ್ಷಕ್ಕೊಮ್ಮೆ ಪ್ರತಿ ಜಿಲ್ಲೆಯೂ ಹನ್ನೆರಡರಿಂದ ಹದಿನೆಂಟು ವಯಸ್ಸಿನ ಒಬ್ಬ ಹುಡುಗನನ್ನೂ ಒಬ್ಬ ಹುಡುಗಿಯನ್ನೂ ಚೀಟಿ ಎತ್ತಿ ಕೊಡಬೇಕು. ಇಪ್ಪತ್ನಾಲ್ಕು ಮಕ್ಕಳನ್ನು ಒಂದು ಬಯಲಿಗೆ ಬಿಡುತ್ತಾರೆ. ಒಬ್ಬರು ಉಳಿಯುವತನಕ ಬಡಿದಾಡಬೇಕು. ರಾಜಧಾನಿಯವರು ಅದನ್ನು ಟಿ.ವಿ.ಯಲ್ಲಿ ನೋಡಿ ಸಂಭ್ರಮಪಡುತ್ತಾರೆ, ಜಿಲ್ಲೆಯವರು ಕಡ್ಡಾಯವಾಗಿ ನೋಡಬೇಕು. ಹನ್ನೆರಡನೆಯ ಜಿಲ್ಲೆಯಲ್ಲಿ ಪುಟ್ಟ ತಂಗಿಯ ಚೀಟಿ ಬಂದಾಗ ಹದಿನಾರರ ಅಕ್ಕ ಕ್ಯಾಟ್ನಿಸ್ “ಅವಳ ಬದಲು ನಾನು” ಎಂದು ಮುಂದೆ ಬರುತ್ತಾಳೆ. ಮೊದಲ ಭಾಗ 2008ರಲ್ಲಿ ಬಂತು, ಆಮೇಲೆ 2009 ಮತ್ತು 2010ರಲ್ಲಿ ಇನ್ನೆರಡು. ಹಿಂದಿನ ಕಥೆ ಹೇಳುವ ಎರಡು ಪುಸ್ತಕಗಳು 2020 ಮತ್ತು 2025ರಲ್ಲಿ ಬಂದಿವೆ, ಅವನ್ನು ನಾನಿನ್ನೂ ಓದಬೇಕು.

ಬಸ್ಸಿನಲ್ಲಿ ಮಕ್ಕಳು ಎಲ್ಲಿ ತಡೆದು ಪ್ರಶ್ನೆ ಕೇಳಿದರು ಗೊತ್ತೇ? ಕೊಲೆಯ ಜಾಗದಲ್ಲಲ್ಲ, ಚೀಟಿಯ ಜಾಗದಲ್ಲಿ. ಆ ದೇಶದಲ್ಲಿ ಬಡವರ ಮಕ್ಕಳು ಒಬ್ಬರಿಗೆ ವರ್ಷಕ್ಕಾಗುವಷ್ಟು ಅಷ್ಟಿಷ್ಟು ಧಾನ್ಯ, ಎಣ್ಣೆಗಾಗಿ ತಮ್ಮ ಹೆಸರಿನ ಇನ್ನೊಂದು ಚೀಟಿ ಹಾಕಬಹುದು. ಮನೆಯಲ್ಲಿ ಎಷ್ಟು ಹೊಟ್ಟೆಯೋ ಅಷ್ಟು ಚೀಟಿ. ಹಾಗಾಗಿ ಕ್ಯಾಟ್ನಿಸಳ ಹೆಸರು ಇಪ್ಪತ್ತು ಸಲ, ಅವಳ ಗೆಳೆಯ ಗೇಲ್‌ನದು ನಲವತ್ತೆರಡು ಸಲ ಇದೆ. ಆಗ ಹಿಂದಿನ ಸೀಟಿನಿಂದ ನಮ್ಮ ನೇಕಾರರ ಹುಡುಗಿ ಅಂದಳು: “ಅಂದ್ರ ಎಲ್ಲಾರ್ದೂ ಚೀಟಿ ಐತಿ ಅಂತಾರ, ಖರೇ ಅಂದ್ರ ಇಲ್ಲದೋರ ಚೀಟೀನ ಬರತೈತಿ.” ಅವಳ ಮನೆಯಲ್ಲಿ ಮೂವರು ಹೆಣ್ಣುಮಕ್ಕಳು, ಈಕೆ ಹಿರಿಯಳು. ನಸುಕಿನಲ್ಲಿ ಕಂಡಿಕೆ ಸುತ್ತಿಟ್ಟು ಶಾಲೆಗೆ ಬರುತ್ತಾಳೆ. ಇಪ್ಪತ್ತೈದು ವರ್ಷ ಸಮಾಜ ವಿಜ್ಞಾನ ಕಲಿಸಿದ ನಾನು ಬಡತನದ ಬಗ್ಗೆ ಇಷ್ಟು ಚೊಕ್ಕ ವಾಕ್ಯವನ್ನು ಬೋರ್ಡಿನ ಮೇಲೆ ಬರೆದದ್ದಿಲ್ಲ. ಕಥೆ ಹೇಳುತ್ತಿದ್ದವಳು ಅದಕ್ಕೆ ಇನ್ನೊಂದು ಸೇರಿಸಿದಳು: “ಬಟ್ಟಿ ನೇಯೋದು ಎಂಟನೇ ಜಿಲ್ಲೆ, ಅದು ನಿಮ್ದು. ಕಲ್ಲು ಒಡಿಯೋದು ಎರಡನೇದು, ಅದು ನಮ್ದು.” ಇಳಕಲ್ಲಿನ ಸೀರೆಯೂ ಕೆಂಪು ಗ್ರಾನೈಟೂ ಎಲ್ಲೆಲ್ಲಿಗೋ ಹೋಗುತ್ತವೆ ಎನ್ನುವುದು ಈ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.

ನನಗೂ ಆ ನಂಬರುಗಳು ಚುಚ್ಚಿದವು. ನನ್ನ ತವರು ಬಾಗಲಕೋಟೆ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದಾಗ ನಾನು ಇನ್ನೂ ಹುಟ್ಟಿರಲಿಲ್ಲ. ಹಿನ್ನೀರು ನಮ್ಮ ಓಣಿಗೆ ಬರುವ ಹೊತ್ತಿಗೆ ನನ್ನ ಮದುವೆಯಾಗಿತ್ತು. ಓಣಿಗೆ ಹೆಸರಿತ್ತು, ನವನಗರದಲ್ಲಿ ಅಪ್ಪನಿಗೆ ಸಿಕ್ಕಿದ್ದು ಸೆಕ್ಟರ್ ನಂಬರು, ಪ್ಲಾಟ್ ನಂಬರು. ಪರಿಹಾರ ಬಂತು, ರಸ್ತೆ ಅಗಲವಾದವು, ಹೊಲಗಳಿಗೆ ನೀರೂ ಊರುಗಳಿಗೆ ಕರೆಂಟೂ ಬಂದವು, ಇಲ್ಲವೆನ್ನುವುದಿಲ್ಲ. ಆದರೆ ಅಪ್ಪ ಕೊನೆಯವರೆಗೂ ಪತ್ರದ ಮೇಲೆ ಹಳೆಯ ಓಣಿಯ ಹೆಸರನ್ನೇ ಬರೆಯುತ್ತಿದ್ದರು.

ಇರಲಿ, ವಿಚಾರಣೆಗೆ ಬರೋಣ. ಇದು ಕ್ರೂರ ಕಥೆ ಎಂಬುದು ಮೊದಲನೆಯ ಆಕ್ಷೇಪ. ಅಮೆರಿಕದಲ್ಲಿಯೂ ಹೀಗೆನ್ನುವವರಿದ್ದರು. ಅಲ್ಲಿನ ಗ್ರಂಥಾಲಯ ಸಂಘ ಪ್ರಕಟಿಸುವ, ಜನ ತೆಗೆದುಹಾಕಿ ಎಂದು ಹೆಚ್ಚು ದೂರು ಕೊಟ್ಟ ಪುಸ್ತಕಗಳ ಪಟ್ಟಿಯಲ್ಲಿ 2010 ಮತ್ತು 2011ರಲ್ಲಿ ಇದೂ ಸೇರಿತ್ತು. ಆದರೆ ನಾವು ಯಾವ ಬಾಯಿಂದ ಹೇಳುವುದು? ಅದೇ ಪ್ರವಾಸದಲ್ಲಿ ನಾವು ಮಕ್ಕಳನ್ನು ಐಹೊಳೆಯ ದುರ್ಗದ ಗುಡಿಗೆ ಕರೆದೊಯ್ದು, ದೇವಿ ಮಹಿಷನನ್ನು ತಿವಿಯುವ ಶಿಲ್ಪದ ಮುಂದೆ ಸಾಲಾಗಿ ನಿಲ್ಲಿಸಿ ಫೋಟೊ ತೆಗೆದೆವು. ಬಾದಾಮಿಯ ಗುಹೆಯಲ್ಲೂ ಅದೇ ದೇವಿ. ಯಾರೂ ಮಕ್ಕಳ ಕಣ್ಣು ಮುಚ್ಚಲಿಲ್ಲ. ನಮ್ಮ ತಾತ ಮುತ್ತಾತಂದಿರು ಐದು ವರ್ಷದ ಕೂಸಿಗೆ ಬಕಾಸುರನ ಕಥೆ ಹೇಳಿದವರು. ಏಕಚಕ್ರ ನಗರದಲ್ಲಿ ದಿನಕ್ಕೊಂದು ಮನೆಯ ಸರದಿ, ಒಂದು ಬಂಡಿ ಅನ್ನ, ಎತ್ತು, ಜೊತೆಗೆ ಒಬ್ಬ ಮನುಷ್ಯ. ಕಾಲಿನ್ಸ್ ತನ್ನ ಕಥೆಗೆ ಗ್ರೀಕರ ಥೀಸಿಯಸ್ ಕಥೆ ಮೂಲ ಎಂದಿದ್ದಾಳೆ, ಅದೂ ವರ್ಷಗಳ ಲೆಕ್ಕದಲ್ಲಿ ಮಕ್ಕಳನ್ನು ರಾಕ್ಷಸನಿಗೆ ಕಳಿಸುವ ಊರಿನ ಕಥೆಯೇ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ನಾವು ಗ್ಯಾದರಿಂಗಿನಲ್ಲಿ ಕುಣಿಸುತ್ತೇವೆ. ಹಿರಿಯರು ಮಾತಿಗೆ ತಪ್ಪಿದ್ದಕ್ಕೆ ಊರಿನ ಮಕ್ಕಳು ಮಾಯವಾದದ್ದಲ್ಲವೇ ಅದು? ತಾಯಂದಿರು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆಯುತ್ತಾರೆ.

ಎಲ್ಲಕ್ಕೂ ಮೇಲೆ ‘ಕೆರೆಗೆ ಹಾರ’ ಇದೆ. ಇದನ್ನು ಹಾಡದ ಹೆಣ್ಣು ನಮ್ಮ ಅಜ್ಜಿಯರ ಕಾಲದಲ್ಲಿ ಕಡಿಮೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ, ಹನಿ ನೀರು ಬರಲಿಲ್ಲ. ಹೊತ್ತಿಗೆ ತೆಗೆಸಿದರೆ ಸೊಸೆಯನ್ನು ಕೊಡಬೇಕು ಎಂದು ಬಂತು. ಹಿರಿಯ ಸೊಸೆ ಕೊಟ್ಟರೆ ಮನೆಯ ಹಿರಿತನ ಹೋಗುತ್ತದೆ, ಕಿರಿಯ ಸೊಸೆ ಭಾಗೀರಥಿ ಆಗಬಹುದು. ನೋಡಿ, ಇಲ್ಲಿಯೂ ಚೀಟಿ ಎಲ್ಲರದಿತ್ತು, ಬಂದದ್ದು ಇಲ್ಲದವಳದು. ಗಂಡ ದಂಡಿನಲ್ಲಿದ್ದಾನೆ. ಆಕೆ ತವರಿಗೆ ಹೋಗಿ ಬರುತ್ತಾಳೆ, ಹೆತ್ತವರೆದುರು ಬಾಯಿ ಬಿಡುವುದಿಲ್ಲ. ತಿರುಗಿ ಬಂದು ತನ್ನ ಬಲಿಯ ಪೂಜೆಯ ಅಡಿಗೆಗೆ ತಾನೇ ಕೈ ಹಾಕುತ್ತಾಳೆ. ಪೂಜೆ ಮುಗಿಸಿ ಹೊರಟಾಗ ಕೆರೆಯ ಹತ್ತಿರ ಬಂಗಾರದ ಬಟ್ಟಲು ಮರೆತು ಬಂದೆವು ಎನ್ನುತ್ತಾರೆ. ತರಲು ಯಾರೂ ಒಲ್ಲರು. ಕಿರಿಯವಳು ಹೋಗುತ್ತಾಳೆ, ಮೆಟ್ಟಿಲು ಮೆಟ್ಟಿಲಿಗೂ ನೀರು ಏರುತ್ತದೆ. ನಾನು ಈ ಪಾಠ ಮಾಡುವಾಗಲೆಲ್ಲ ತ್ಯಾಗ ಎಂಬ ಪದವನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತಿದ್ದೆ. ಗೈಡುಗಳಲ್ಲಿಯೂ ಅದೇ ಇರುತ್ತದೆ. ಒಬ್ಬ ತಂದೆಯೂ ಶಾಲೆಗೆ ಬಂದು, ಮನೆಯ ಸೊಸೆಯನ್ನು ಮುಳುಗಿಸುವ ಕಥೆಯನ್ನು ನನ್ನ ಮಗಳಿಗೆ ಯಾಕೆ ಕಲಿಸುತ್ತೀರಿ ಎಂದು ಕೂಗಾಡಿಲ್ಲ.

ಈ ವರ್ಷ ಆ ಹಾಡಿನ ಮಾತು ಬಂದಾಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು. “ಅಕ್ಕೋರ, ಭಾಗೀರಥಿಗೆ ಈಜು ಬರತಿದ್ದಿಲ್ಲೇನ್ರಿ?” ತರಗತಿ ನಕ್ಕಿತು. ನಾನು ನಗಲಿಲ್ಲ. ಉತ್ತರವನ್ನೂ ಕೊಡಲಿಲ್ಲ. ಮನೆಗೆ ಬಂದು ರೊಟ್ಟಿ ಬಡಿಯುವಾಗ ಹೊಳೆಯಿತು, ಆ ಹುಡುಗಿ ಕೇಳಿದ್ದು ಈಜಿನ ಬಗ್ಗೆ ಅಲ್ಲ. ಅವಳು ಯಾಕೆ “ಒಲ್ಲೆ” ಅನ್ನಲಿಲ್ಲ ಎಂದು ಕೇಳಿದ್ದಳು.

ಈಗ ಹೇಳಿ, ಸ್ಟಾಫ್ ರೂಮಿನ ತಕರಾರು ಯಾವುದರ ಮೇಲೆ? ಸಾವಿನ ಮೇಲೆ ಅಲ್ಲ, ಸಾವು ನಮ್ಮ ಪಠ್ಯದಲ್ಲೂ ಗುಡಿಯಲ್ಲೂ ಬೇಕಾದಷ್ಟಿದೆ. ಹುಡುಗಿ ಸುಮ್ಮನೆ ಮೆಟ್ಟಿಲಿಳಿದರೆ ಅದು ಸಂಸ್ಕೃತಿ, ಬಿಲ್ಲು ಹಿಡಿದು ತಿರುಗಿ ನಿಂತರೆ ವಿದೇಶಿ ಕೊಳಕು! ಕ್ಯಾಟ್ನಿಸಳೂ ತ್ಯಾಗ ಮಾಡುವವಳೇ, ತಂಗಿಗಾಗಿ ಹೋದವಳು. ಆದರೆ ಹೋದ ಮೇಲೆ ಆಡಿಸುವವರ ಆಟವನ್ನು ಅವರ ಲೆಕ್ಕದಂತೆ ಮುಗಿಸಲು ಒಪ್ಪುವುದಿಲ್ಲ. ಅದೇ ತಪ್ಪಾಯಿತು. ಹದಿನೆಂಟಕ್ಕೆ ಮುಂಚೆ ಹುಡುಗಿಯ ಮದುವೆ ಮಾಡಬಾರದೆಂದು 2006ರ ಕಾನೂನು ಹೇಳುತ್ತದೆ. ಅದರ ಚಿತ್ರವನ್ನು ನಾವೇ ಶಾಲೆಯ ಗೋಡೆಯ ಮೇಲೆ ಬರೆಸಿದ್ದೇವೆ. ಗೋಡೆಯ ಮೇಲಿದ್ದದ್ದನ್ನು ಹುಡುಗಿ ಬಾಯಿಂದ ಹೇಳಿದ ದಿನ ಮಾತ್ರ ನಮಗೆ ಅಪರಾಧಿಯಾಗಿ ಒಂದು ಪುಸ್ತಕ ಬೇಕಾಯಿತು.

ಪುಸ್ತಕದಲ್ಲಿ ಹುಳುಕಿಲ್ಲವೆಂದಲ್ಲ. ಇಬ್ಬರು ಹುಡುಗರ ನಡುವೆ ಅವಳು ಯಾರನ್ನು ಮೆಚ್ಚಿದಳು ಎಂಬುದನ್ನು ಹಿಂಜಿ ಹಿಂಜಿ ಎಳೆದಿದ್ದಾರೆ, ಮೂರನೆಯ ಭಾಗದ ಯುದ್ಧದಲ್ಲಿ ನನಗೆ ದಣಿವಾಯಿತು. ಇನ್ನೊಂದು ತಮಾಷೆ. 2012ರಿಂದ ಸಿನಿಮಾ ಆಗಿ ಬಂತಲ್ಲ, 2013ರಲ್ಲಿ ಎರಡನೆಯ ಚಿತ್ರದ ಹೊತ್ತಿಗೆ ಕವರ್‌ಗರ್ಲ್ ಎಂಬ ಅಮೆರಿಕದ ಕಂಪನಿ ಆ ರಾಜಧಾನಿಯ ಹೆಸರಿನಲ್ಲೇ ತುಟಿಯ ಬಣ್ಣ, ಕಣ್ಣಿನ ಬಣ್ಣ ಮಾರಿತು. ಮಕ್ಕಳು ಸಾಯುವುದನ್ನು ನೋಡಿ ನಗುವವರ ಶೃಂಗಾರ ನಮಗೂ ಇರಲಿ ಎಂದು ಜನ ಕೊಂಡರು! ಕಾಲಿನ್ಸ್‌ಗೆ ಈ ಕಥೆ ಹೊಳೆದದ್ದು ಟಿ.ವಿ.ಯ ಚಾನಲ್ ತಿರುಗಿಸುವಾಗ, ಒಂದರಲ್ಲಿ ರಿಯಾಲಿಟಿ ಷೋ, ಇನ್ನೊಂದರಲ್ಲಿ ಇರಾಕ್ ಯುದ್ಧ ಕಂಡು ಎರಡೂ ಕಲಸಿಹೋದಾಗ ಎನ್ನುತ್ತಾರೆ. ನಾವೂ ಸಣ್ಣ ಮಕ್ಕಳು ಸ್ಪರ್ಧೆಯಲ್ಲಿ ಸೋತು ಅಳುವುದನ್ನು ಊಟದ ತಾಟು ಮುಂದಿಟ್ಟುಕೊಂಡು ನೋಡುವವರೇ.

ತಾಯಂದಿರು ಓದಬೇಕಾದ ಇನ್ನೊಂದು ಪಾತ್ರ ಅದರಲ್ಲಿದೆ, ಕ್ಯಾಟ್ನಿಸಳ ತಾಯಿ. ಗಂಡ ಗಣಿಯ ಸ್ಫೋಟದಲ್ಲಿ ಸತ್ತ ಮೇಲೆ ಆಕೆ ಗೋಡೆ ನೋಡುತ್ತ ಕೂತುಬಿಡುತ್ತಾಳೆ. ಹನ್ನೊಂದು ವರ್ಷದ ಮಗಳು ಮನೆ ನಡೆಸುತ್ತಾಳೆ. ಹಸಿದು ಬಿದ್ದ ಆ ಹುಡುಗಿಗೆ ಬೇಕರಿಯವನ ಮಗ ಸುಟ್ಟ ಬ್ರೆಡ್ಡು ಎಸೆಯುತ್ತಾನೆ. ಮಗಳು ತಾಯಿಯನ್ನು ಎಷ್ಟೋ ವರ್ಷ ಕ್ಷಮಿಸುವುದಿಲ್ಲ. ನನಗೆ ಆ ತಾಯಿಯ ಮೇಲೆ ಸಿಟ್ಟು ಬರಲಿಲ್ಲ, ಅಂಥವರನ್ನು ನಾನು ಶಾಲೆಯ ಬಾಗಿಲಲ್ಲಿ ಕಂಡಿದ್ದೇನೆ. ನಮ್ಮ ಹುಡುಗಿಯ ತಾಯಿಯೂ ಅಂದು ಗಂಡನ ಹಿಂದೆ ಬಂದು, ಸೆರಗು ಹೊದ್ದು, ಒಂದು ಮಾತನ್ನೂ ಆಡದೆ ನಿಂತಿದ್ದಳು. ಹೋಗುವಾಗ ಮಾತ್ರ ನನ್ನ ಕಡೆ ತಿರುಗಿ, “ಅಕ್ಕೋರ, ಪರೀಕ್ಷಾದ ಫೀ ತುಂಬೀನ್ರಿ,” ಎಂದಳು.

ಹುಡುಗಿ ಪಾಸಾದಳು. ಈಗ ಪಿಯುಸಿ ಓದುತ್ತಿದ್ದಾಳೆ, ಕಂಡಿಕೆ ಸುತ್ತುವುದೂ ತಪ್ಪಿಲ್ಲ. ಮಾತುಕತೆ ಸದ್ಯಕ್ಕೆ ನಿಂತಿದೆ, ಸೋದರಮಾವ ಇನ್ನೂ ಕಾಯುತ್ತಿದ್ದಾನೆಂದು ಕೇಳಿದ್ದೇನೆ. ಪುಸ್ತಕಕ್ಕೆ ನಮ್ಮ ಶಾಲೆಯ ಲೈಬ್ರರಿಯಲ್ಲಿ ಜಾಗ ಸಿಗಲಿಲ್ಲ. ಮಾಲಕಿಯ ಒಪ್ಪಿಗೆ ಪಡೆದು ಮೊದಲೆರಡು ಭಾಗಗಳನ್ನು ನನ್ನ ಕಪಾಟಿನಲ್ಲಿಟ್ಟೆ, ಬೇಕಾದವರು ಒಯ್ಯುತ್ತಾರೆ. ಮೊದಲನೆಯದಕ್ಕೆ ಈಗ ಯಾರೋ ಕ್ಯಾಲೆಂಡರಿನ ಹಾಳೆಯ ಹೊದಿಕೆ ಹಾಕಿದ್ದಾರೆ, ಹಕ್ಕಿ ಕಾಣುವುದಿಲ್ಲ. ಎರಡನೆಯದನ್ನು ಬೇಸಿಗೆ ರಜೆಗೆ ಮುಂಚೆ, ರಟ್ಟು ನೋಡಿದರೆ ಗೊತ್ತಾಗುತ್ತದೆ ಎಂದಿದ್ದರಲ್ಲ, ಆ ಮಾಸ್ತರು ತಮ್ಮ ಮಗಳಿಗೆಂದು ಒಯ್ದರು. ಇನ್ನೂ ತಂದುಕೊಟ್ಟಿಲ್ಲ.