ಚೆಂಡು ತಾಗಿದ್ದು ನನಗೆ

 

ಹೋದ ಶನಿವಾರದ ಸಾಫ್ಟ್‌ಬಾಲ್ ಪಂದ್ಯದ ಬಗ್ಗೆ ಈ ವಾರವೆಲ್ಲಾ ಮಾತಾಡಿದ್ದಾಯ್ತು. 'ಎ' ವಿಭಾಗದ ನಾವು ಗೆದ್ದೆವು, 'ಬಿ' ವಿಭಾಗದವರು ಸೋತರು. ಅವರ ಶಾರ್ಟ್‌ಸ್ಟಾಪ್ ಹುಡುಗಿ ಕೈಗೆ ಬಂದ ಚೆಂಡನ್ನು ಬಿಟ್ಟಳು, ಅದಕ್ಕೇ ಸೋತರು ಅಂತ ಎಲ್ಲರೂ ಹೇಳ್ತಿದ್ದಾರೆ. ಅದು ಸುಳ್ಳು. ಸುಳ್ಳು ಅಂತ ಗೊತ್ತಿರೋದು ನನಗೊಬ್ಬಳಿಗೇ. ಆದ್ದರಿಂದ ಇದನ್ನು ನಾನೇ ಬರೆಯಬೇಕು.

ಆಟ ನೋಡದವರಿಗೆ ಎರಡು ಮಾತು. ಸಾಫ್ಟ್‌ಬಾಲ್ 1887ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಹುಟ್ಟಿದ ಆಟ. ಒಂದು ತಂಡಕ್ಕೆ ಒಂಬತ್ತು ಜನ. ಚೆಂಡಿನ ಸುತ್ತಳತೆ 12 ಅಂಗುಲ. 60 ಅಡಿಗೊಂದರಂತೆ ಬೇಸ್‌ಗಳು. ಮೂರು ಬೇಸ್ ಮುಟ್ಟಿ ಹೋಮ್‌ಗೆ ವಾಪಸ್ ಬಂದರೆ ಒಂದು ರನ್. ಮೂರು ಜನ ಔಟಾದರೆ ಬ್ಯಾಟಿಂಗ್ ಸರದಿ ಮುಗೀತು. ಒಟ್ಟು ಏಳು ಇನ್ನಿಂಗ್ಸ್.

ಶನಿವಾರ ಏಳನೇ ಇನ್ನಿಂಗ್ಸ್‌ನಲ್ಲಿ ಅವರದು 6 ರನ್, ನಮ್ಮದು 5. ನಮ್ಮಲ್ಲಿ ಆಗಲೇ ಇಬ್ಬರು ಔಟ್. ನಾನು ಸೆಕೆಂಡ್ ಬೇಸ್‌ನಲ್ಲಿದ್ದೆ, ಇನ್ನೊಬ್ಬಳು ಥರ್ಡ್‌ನಲ್ಲಿ. ನಮ್ಮವಳು ಹೊಡೆದ ಚೆಂಡು ನೆಲದ ಮೇಲೆ ಶಾರ್ಟ್‌ಸ್ಟಾಪ್ ಕಡೆಗೆ ಬಂತು. ನಾನು ಅವಳ ಮುಂದೆಯೇ ಓಡಿದೆ. ಆಗ ಚೆಂಡು ನನ್ನ ಹಿಮ್ಮಡಿಗೆ ಸವರಿಕೊಂಡು ಹೋಯ್ತು. ಜೋರಾಗಿ ಅಲ್ಲ, ಸ್ವಲ್ಪವೇ. ಆದರೆ ಅಷ್ಟಕ್ಕೇ ಅದು ದಿಕ್ಕು ಬದಲಿಸಿ ಅವಳ ಗ್ಲೌಸ್ ಪಕ್ಕದಿಂದ ನುಸುಳಿಹೋಯ್ತು. ನಾವಿಬ್ಬರೂ ಹೋಮ್ ಮುಟ್ಟಿದೆವು. 7–6. ನನ್ನನ್ನು ಎತ್ತಿ ಕುಣಿಸಿದರು.

ಅಂಪೈರ್ ಆಗಿದ್ದ ನಮ್ಮ ಪಿ.ಟಿ. ಸರ್ ತಪ್ಪು ಮಾಡಲಿಲ್ಲ. ದೊಡ್ಡ ಪಂದ್ಯಗಳಲ್ಲಿ ಬೇಸ್ ಹತ್ತಿರವೂ ಅಂಪೈರ್ ಇರುತ್ತಾರೆ. ನಮಗೆ ಇರೋರು ಒಬ್ಬರೇ, ಅವರು ಕ್ಯಾಚರ್ ಹಿಂದೆ ನಿಂತಿದ್ದರು. ಅಷ್ಟು ದೂರದಿಂದ, ಆ ಧೂಳಿನಲ್ಲಿ ನನ್ನ ಹಿಮ್ಮಡಿ ಹೇಗೆ ಕಾಣಬೇಕು?

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಯಾರೋ "ಆ ಚೆಂಡು ವಿಚಿತ್ರವಾಗಿ ತಿರುಗಿತಲ್ಲ" ಅಂದರು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಾನು ಹಿಮ್ಮಡಿ ನೋಡ್ಕೊಂಡೆ.

ಈಗ ನಿಯಮಕ್ಕೆ ಬರ್ತೀನಿ. ನಮ್ಮಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ.

1. ಗೆರೆಯೊಳಗೆ ಹೊಡೆದ ಚೆಂಡು, ಯಾವ ಫೀಲ್ಡರ್‌ಗೂ ತಾಗದೆ, ಪಿಚರ್ ಬಿಟ್ಟು ಬೇರೆ ಇನ್‌ಫೀಲ್ಡರನ್ನು ದಾಟುವ ಮೊದಲೇ, ಬೇಸ್ ಬಿಟ್ಟು ಓಡುತ್ತಿರುವವರಿಗೆ ತಾಗಿದರೆ ಓಡುವವರು ಔಟ್. ಆಟ ಅಲ್ಲಿಗೇ ನಿಲ್ಲುತ್ತದೆ. ಬೇಕಂತ ತಾಗಿಸಿಕೊಂಡರೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲ.

2. ಬೇಸ್ ಮೇಲೆ ಕಾಲಿಟ್ಟಿದ್ದಾಗ ತಾಗಿದರೆ ಔಟ್ ಅಲ್ಲ. ಮೊದಲು ಫೀಲ್ಡರ್‌ಗೆ ತಾಗಿ ಆಮೇಲೆ ನಮಗೆ ತಾಗಿದರೂ ಔಟ್ ಅಲ್ಲ. ಆದರೆ ಬೇಕಂತ ಅಡ್ಡ ಬಂದರೆ ಔಟೇ.

3. ಹೊಡೆದ ಚೆಂಡನ್ನು ಹಿಡಿಯಲು ಬರುವ ಫೀಲ್ಡರ್‌ಗೆ ಓಡುವವರು ಅಡ್ಡಿ ಮಾಡಿದರೆ, ಚೆಂಡು ಮೈಗೆ ತಾಗದಿದ್ದರೂ ಔಟ್.

4. ಕೈಯಲ್ಲಿ ಚೆಂಡಿಲ್ಲದೆ, ಚೆಂಡು ಹಿಡಿಯುವ ಕೆಲಸದಲ್ಲೂ ಇಲ್ಲದೆ ಫೀಲ್ಡರ್ ದಾರಿಗೆ ಅಡ್ಡ ನಿಂತರೆ ತಪ್ಪು ಫೀಲ್ಡರ್‌ದು.

ಲಗೋರಿ ಆಡಿದ ನಮಗೆ ಇದು ಗೊಂದಲ. ಲಗೋರಿಯಲ್ಲಿ ಎದುರಾಳಿ ನಮಗೆ ಗುರಿಯಿಟ್ಟು ಎಸೆಯುತ್ತಾರೆ, ತಾಗಿದರೆ ಔಟ್. ಸಾಫ್ಟ್‌ಬಾಲ್‌ನಲ್ಲಿ ಫೀಲ್ಡರ್ ಎಸೆದ ಚೆಂಡು ಸುಮ್ಮನೆ ಮೈಗೆ ತಾಗಿದರೆ ಔಟ್ ಇಲ್ಲ. ನಮ್ಮವರೇ ಹೊಡೆದ ಚೆಂಡು ತಾಗಿದರೆ ಔಟ್! "ಇದೆಂಥಾ ನ್ಯಾಯ? ನನಗೇನು ಬೆನ್ನಲ್ಲಿ ಕಣ್ಣಿದೆಯಾ?" ಅಂತ ನಾನೂ ಮೊದಲು ಅಂದ್ಕೊಂಡಿದ್ದೆ.

ಯೋಚಿಸಿದ ಮೇಲೆ ಅದೇ ನ್ಯಾಯ ಅನ್ನಿಸಿತು. ನಲ್ಲಿ ಕೆಳಗೆ ಯಾರ ಬಿಂದಿಗೆ ಇದೆಯೋ ಸರದಿ ಅವರದು. ದಾಟಿ ಹೋಗುವವರು ಸುತ್ತಿ ಹೋಗಬೇಕು. ಎಡವಿ ಬಿಂದಿಗೆ ಉರುಳಿಸಿ "ಬೇಕಂತ ಮಾಡಲಿಲ್ಲ" ಅಂದ್ರೆ ಚೆಲ್ಲಿದ ನೀರು ವಾಪಸ್ ಬರುತ್ತದೆಯೇ? ಚೆಂಡು ಹೊಡೆದಾಗ ನಮ್ಮ ಸರದಿ ಆಗಿಹೋಯ್ತು. ಆಮೇಲೆ ಅದನ್ನು ಹಿಡಿಯುವ ಸರದಿ ಫೀಲ್ಡರ್‌ದು. ಉದ್ದೇಶ ನೋಡಿ ತೀರ್ಪು ಕೊಡುವುದಾದರೆ ಎಲ್ಲರೂ ಫೀಲ್ಡರ್ ಮುಂದೆ ಕಾಲು ಚಾಚಿ "ಗೊತ್ತಾಗಲಿಲ್ಲ ಸರ್" ಅನ್ನಬಹುದು.

ಹಾಗಾದರೆ ಶನಿವಾರ ನಾನು ಮೂರನೇ ಔಟ್. ರನ್ ಎರಡೂ ಇಲ್ಲ. 'ಬಿ' ವಿಭಾಗ 6–5ರಿಂದ ಗೆದ್ದಿದೆ.

ನನ್ನ ತಂಡದವರು ಈಗ ಕೋಪ ಮಾಡ್ಕೋತಾರೆ, ನನಗೆ ಗೊತ್ತು. "ತೀರ್ಪು ಕೊಡೋದು ಅಂಪೈರ್ ಕೆಲಸ, ನಿನಗ್ಯಾಕೆ?" ಅಂತಾರೆ. ಅದೂ ಒಂದು ಮಾತೇ. ಆದರೆ ನಮ್ಮ ಭದ್ರಾವತಿಯ ಜಿ. ಆರ್. ವಿಶ್ವನಾಥ್ ಏನು ಮಾಡಿದರು ಕೇಳಿ. 1980ರಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡ್ ಮೇಲೆ ಟೆಸ್ಟ್. ವಿಶ್ವನಾಥ್ ನಾಯಕ. ಬಾಬ್ ಟೇಲರ್ ಕ್ಯಾಚ್ ಔಟ್ ಅಂತ ಅಂಪೈರ್ ಕೈ ಎತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲ ಎಂದು ವಿಶ್ವನಾಥ್ ಅವರನ್ನು ವಾಪಸ್ ಕರೆಸಿದರು. ಟೇಲರ್ ಮತ್ತು ಬೋಥಮ್ ಸೇರಿ 171 ರನ್ ಜೊತೆಯಾಟ ಆಡಿದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ಇಷ್ಟು ವರ್ಷ ಕಳೆದರೂ ಜನ ಆ ಪಂದ್ಯದ ಮಾತು ಬಂದಾಗ ಸೋಲಿನ ಜೊತೆ ಅವರ ದೊಡ್ಡತನವನ್ನೂ ನೆನೆಯುತ್ತಾರೆ.

ಅವರು ಆ ಕ್ಷಣದಲ್ಲೇ ಹೇಳಿದರು. ನಾನು ಐದು ದಿನ ತಡ ಮಾಡಿದೆ. ಆ ಐದು ದಿನ ಒಬ್ಬ ಹುಡುಗಿ ತಾನು ಮಾಡದ ತಪ್ಪಿಗೆ ಮಾತು ಕೇಳಿಸಿಕೊಂಡಳು. ಮಧ್ಯಾಹ್ನ ಊಟಕ್ಕೂ ತನ್ನ ಗುಂಪಿನ ಜೊತೆ ಕೂರಲಿಲ್ಲ. ನಾನು ಮಾಡಿದ ನಿಜವಾದ ಅಡ್ಡಿ ಇದೇ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ನಮ್ಮಂಥ ಒಬ್ಬರೇ ಅಂಪೈರ್ ಇರುವ ಶಾಲೆಯಲ್ಲಿ ಚೆಂಡು ತಾಗಿದವರು ತಾವೇ ಕೈ ಎತ್ತಿ ಹೇಳಬೇಕು. ಪಂದ್ಯಕ್ಕೆ ಮುಂಚೆ ಮೇಲಿನ ನಾಲ್ಕು ನಿಯಮಗಳನ್ನು ಸರ್ ಬೋರ್ಡಿನ ಮೇಲೆ ಬರೆಸಬೇಕು. ಮುಂದಿನ ತಿಂಗಳು ಶಾಲೆಯ ತಂಡ ಆರಿಸುವಾಗ ಶನಿವಾರದ ಆ ಚೆಂಡನ್ನು ಅವಳ ಲೆಕ್ಕಕ್ಕೆ ಹಾಕಬಾರದು, ನನ್ನ ಲೆಕ್ಕಕ್ಕೆ ಹಾಕಬೇಕು.

ಗೆದ್ದವರಿಗೆ ಕೊಟ್ಟ ಪೆನ್ನಿನಲ್ಲಿ ಇದನ್ನು ಬರೆಯಲು ಮನಸ್ಸು ಬರಲಿಲ್ಲ. ಹಳೇ ಪೆನ್ನಿನಲ್ಲಿ ಬರೆದಿದ್ದೇನೆ, ಅಕ್ಷರ ಅಲ್ಲಲ್ಲಿ ಹರಡಿದೆ, ಕ್ಷಮಿಸಿ. ಆ ಪೆನ್ನನ್ನು ಸರ್ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ.

ಇಂತಿ,
ಸೆಕೆಂಡ್ ಬೇಸ್‌ನಿಂದ ಓಡಿದವಳು
9ನೇ ತರಗತಿ, 'ಎ' ವಿಭಾಗ