ಯಳಂದೂರಿನ ಬಳೆಮಂಟಪ

ಯೂರೋಪು ಖಂಡದ ಪುರಾತನ ನಗರಗಳಲ್ಲಿ ಫ್ಲಾರೆನ್ಸ್ ಎಂಬುದೊಂದು. ಅಲ್ಲಿಯ ಬೀದಿಗಳೂ ಸೌಧಗಳೂ ಲೋಕಪ್ರಸಿದ್ಧವಾದುವು. ಪ್ರಧಾನ ಇಗರ್ಜಿಯ ಎದುರಿಗಿರುವ ದೀಕ್ಷಾಸ್ನಾನಗೃಹದ ಮೂಡಣ ಬಾಗಿಲಿಗಾಗಿ ಗಿಬೆರ್ಟಿ ಎಂಬ ಶಿಲ್ಪಿಯು 1425 ರಿಂದ 1452 ರವರೆಗೆ ದುಡಿದು ಕಂಚಿನ ಕದಗಳನ್ನು ರಚಿಸಿದನು. ಅವನ್ನು ಜನರು ಸ್ವರ್ಗದ್ವಾರವೆಂದೇ ಕರೆಯುವರು. ನಾವು ಉಪಾಧ್ಯಾಯ ವೃತ್ತಿಯಲ್ಲಿದ್ದಾಗ ಈ ಬಾಗಿಲಿನ ವರ್ಣನೆಯನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದುಂಟು. ಆದರೆ ನಮ್ಮ ಸಮೀಪದಲ್ಲಿಯೇ, ಯಳಂದೂರಿನಲ್ಲಿ ನಿಂತಿರುವ ಇನ್ನೊಂದು ದ್ವಾರದ ವಿಷಯವನ್ನು ಒಂದು ದಿನವಾದರೂ ಹೇಳಿದವರಲ್ಲ. ಆ ಲೋಪವನ್ನು ಈ ತಿಂಗಳು ವಾಚಕರ ಮುಂದೆ ಒಪ್ಪಿಕೊಳ್ಳಬೇಕೆಂದಿದ್ದೇವೆ.

ಯಳಂದೂರು ಸುವರ್ಣಾವತೀ ನದಿಯ ತೀರದ ಊರು. ಜನರು ಆ ನದಿಯನ್ನು ಹೊನ್ನುಹೊಳೆ ಎನ್ನುವರು. ಪೂರ್ವದಲ್ಲಿ ಇದು ಹದಿನಾಡಿನ ಪ್ರಭುಗಳ ನೆಲೆಯಾಗಿದ್ದಿತು. ವಿಜಯನಗರದ ಅರಸರಿಗೆ ಅಧೀನನಾಗಿದ್ದ ಸಿಂಗೆದೇಪ ದೇವಭೂಪಾಲನು ಸುಮಾರು 1500 ರಲ್ಲಿ ಇಲ್ಲಿ ಗೌರೀಶ್ವರ ದೇವಾಲಯವನ್ನು ಕಟ್ಟಿಸಿದನು. ಅದೇ ಮನೆತನದ ಮುದ್ದರಾಜನು 1654 ರ ಸುಮಾರಿನಲ್ಲಿ ಅದಕ್ಕೆ ಮಹಾದ್ವಾರವೊಂದನ್ನು ಸೇರಿಸಿದನು. ಆ ದ್ವಾರದ ಮೂಲೆಗಳಲ್ಲಿ ಕಲ್ಲಿನ ಬಳೆಗಳು ಒಂದರೊಳಗೊಂದು ಕೋದುಕೊಂಡು ಸರಪಣಿಯಾಗಿರುವುದರಿಂದ ಅದಕ್ಕೆ ಬಳೆಮಂಟಪವೆಂಬ ಹೆಸರು ಬಂದಿತು. ಗೋಡೆಗಳ ಮೇಲೆ ಶೈವ ವೈಷ್ಣವ ಪುರಾಣಗಳೆರಡರ ಮೂರ್ತಿಗಳೂ ಇವೆ.

ಹಲವು ವರ್ಷಗಳ ಹಿಂದೆ ಒಂದು ರಜಾದಿನದಲ್ಲಿ ಕೆಲವರು ವಿದ್ಯಾರ್ಥಿಗಳೊಡನೆ ಆ ದಾರಿಯಾಗಿ ಹೋಗುತ್ತಿದ್ದೆವು. ಅವರಲ್ಲೊಬ್ಬ ಹುಡುಗನು ಒಂದು ಬೆಣಚುಕಲ್ಲನ್ನೆತ್ತಿಕೊಂಡು ಮಂಟಪದ ಬಳೆಯೊಂದನ್ನು ಟಣ್ಣೆಂದು ಕುಟ್ಟಿದನು. ನಾವು ಕೋಪಗೊಂಡು ಅವನ ಕಿವಿಯನ್ನು ಹಿಂಡಿದೆವು.

"ಒಡೆಯೋಕಲ್ಲ ಮೇಷ್ಟ್ರೇ, ಇದು ಕಲ್ಲೋ ಕಬ್ಬಿಣವೋ ಅಂತ ನೋಡಿದೆ. ಕಲ್ಲಾದರೆ ಒಂದರೊಳಕ್ಕೆ ಒಂದನ್ನು ಹ್ಯಾಗೆ ಸೇರಿಸಿದರು?" ಎಂದು ಅವನು ಅಳುತ್ತಲೇ ಕೇಳಿದನು.

ನಮ್ಮಲ್ಲಿ ಉತ್ತರವಿರಲಿಲ್ಲ. ದೂರದ ಕಂಚಿನ ಬಾಗಿಲನ್ನು ಬಲ್ಲ ನಾವು ಹತ್ತಿರದ ಕಲ್ಲಿನ ಬಾಗಿಲನ್ನು ಕಣ್ಣೆತ್ತಿ ನೋಡಿದವರೇ ಅಲ್ಲ. ಮರುವಾರ ವೃದ್ಧನಾದ ಒಬ್ಬ ಕಲ್ಲುಕುಟಿಗನನ್ನು ವಿಚಾರಿಸಿದೆವು. ಅವನು ನಕ್ಕು, "ಸೇರಿಸೋದು ಎಲ್ಲಿ ಬಂತು ಬುದ್ಧಿ? ತೆಗೆಯೋದೇ ಕೆಲಸ" ಎಂದನು. ಕಮ್ಮಾರನು ಸಲಾಕೆಯನ್ನು ಬಾಗಿಸಿ ಕೊಂಡಿಗೆ ಕೊಂಡಿಯನ್ನು ಬೆಸೆಯುವನು. ಕಲ್ಲು ಬಾಗದು, ಬೆಸುಗೆಗೂ ಒಗ್ಗದು. ಆದುದರಿಂದ ಸರಪಣಿಯೆಲ್ಲವೂ ಒಂದೇ ಬಂಡೆಯಲ್ಲಿ ಮೊದಲೇ ಅಡಗಿದೆಯೆಂದು ಭಾವಿಸಿ, ಬಳೆಬಳೆಗಳ ನಡುವಣ ಕಲ್ಲನ್ನು ಚೂರುಚೂರಾಗಿ ಕೆತ್ತಿ ತೆಗೆಯಬೇಕು. ಕಡೆಯ ಚೂರು ಉದುರಿದಾಗಲೇ ಬಳೆಯು ಬಿಡಿಯಾಗುವುದು. ಆ ಕಡೆಯ ದಿನ ಒಂದೇಟು ತಪ್ಪಿದರೂ ಮೊದಲ ದಿನದಿಂದ ಮಾಡಿದ ಕೆಲಸವೆಲ್ಲ ವ್ಯರ್ಥ. ಕಾಂಚೀಪುರದ ವರದರಾಜಸ್ವಾಮಿಯ ನೂರು ಕಾಲಿನ ಮಂಟಪದಲ್ಲಿಯೂ ಇಂತಹ ಕಲ್ಲಿನ ಸರಪಣಿಗಳುಂಟು. ಅದನ್ನು ನೋಡಲು ಯಾತ್ರಿಕರು ಬಹು ದೂರದಿಂದ ಬರುವರು.

ಈ ದ್ವಾರವು ಎದ್ದ ಕಾಲದಲ್ಲಿಯೇ ಷಡಕ್ಷರದೇವನು ಯಳಂದೂರಿನ ಆಶ್ರಯದಲ್ಲಿದ್ದು 'ರಾಜಶೇಖರ ವಿಳಾಸ'ವನ್ನು ರಚಿಸಿದನು. ಮುಂದೆ ಚಿಕ್ಕದೇವರಾಜರ ಅಂತಃಪುರದಲ್ಲಿ ಊಳಿಗದಲ್ಲಿದ್ದು 'ಹದಿಬದೆಯ ಧರ್ಮ'ವನ್ನು ಬರೆದ ಸಂಚಿಯ ಹೊನ್ನಮ್ಮನೂ ಈ ಊರಿನವಳೇ. ಬಾಲ್ಯದಲ್ಲಿ ಅವಳು ತಾಯಿಯ ಕೈಹಿಡಿದು ಈ ಬಳೆಗಳನ್ನು ನೋಡಿ ನಿಂತಿದ್ದಳೆಂದು ಊಹಿಸುವುದು ನಮಗೆ ಪ್ರಿಯವಾಗಿದೆ. ಹದಿನಾಡಿನ ಪ್ರಭುಗಳು ಅಳಿದರು. 1807 ರಲ್ಲಿ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಆ ಜಹಗೀರೂ ಈಗ ಇಲ್ಲ. ಮಂಟಪವು ಮಾತ್ರ ನಿಂತಿದೆ.

1966 ರಲ್ಲಿ ಆರ್ನೋ ನದಿಯು ಉಕ್ಕಿ ಫ್ಲಾರೆನ್ಸಿನ ಆ ಸ್ವರ್ಗದ್ವಾರದ ಕೆಲವು ಫಲಕಗಳನ್ನು ಕಿತ್ತುಹಾಕಿತು. ಅನಂತರ 1990 ರಲ್ಲಿ ಮೂಲದ ಕದಗಳನ್ನು ಅಲ್ಲಿಂದ ತೆಗೆದು, ಅವುಗಳ ಸ್ಥಾನದಲ್ಲಿ ಪ್ರತಿಕೃತಿಯನ್ನಿಟ್ಟರು. ಈಗ ಅವು ವಸ್ತುಸಂಗ್ರಹಾಲಯದಲ್ಲಿ ಗಾಜಿನೊಳಗೆ ಸುರಕ್ಷಿತವಾಗಿವೆ. ನಮ್ಮ ಬಳೆಮಂಟಪವನ್ನು ಹಾಗೆ ಕಿತ್ತು ಒಳಗಿಡಲಾಗದು. ಬಿಸಿಲು ಮಳೆಗಳಿಗೂ ಹುಡುಗರ ಕೈಗಳಿಗೂ ಅದು ಬಯಲಿನಲ್ಲಿಯೇ ಒಡ್ಡಿಕೊಂಡಿರುವುದು. ಅದಕ್ಕೆ ಕಾವಲೆಂದರೆ ಕಂಡವರ ತಿಳಿವಳಿಕೆಯೇ.

ಆದುದರಿಂದ ಬಿಳಿಗಿರಿರಂಗನ ದರ್ಶನಕ್ಕೆ ಹೊರಟ ಗೃಹಸ್ಥರು ಯಳಂದೂರಿನಲ್ಲಿ ಅರ್ಧ ಘಂಟೆ ಇಳಿಯಲಿ. "ಮುಟ್ಟಬೇಡ" ಎಂದು ಮಕ್ಕಳನ್ನು ಗದರಿಸುವ ಮೊದಲು ಆ ಬಳೆಗಳು ಹೇಗಾದುವೆಂಬುದನ್ನು ತಿಳಿಸಿರಿ. ತಿಳಿದ ಮಗುವು ಕಲ್ಲೆತ್ತಲಾರದು. ಅಂದು ನಾವು ಹಿಂಡಬೇಕಾಗಿದ್ದ ಕಿವಿಯು ಆ ಹುಡುಗನದಲ್ಲ.