ಚುಕ್ಕಿಗೆರೆ ಅಳಿಸಿದರೆ ಪಾಠವೇ ತಪ್ಪುತ್ತದೆ



ನೆರೆಮನೆಯ ಹತ್ತನೆಯ ತರಗತಿಯ ಬಾಲಕನೊಬ್ಬ ಮೊನ್ನೆ ಅಭ್ಯಾಸ ಪುಸ್ತಿಕೆಯೊಂದನ್ನು ಹಿಡಿದು ಬಂದಿದ್ದ. ಪೀನ ದರ್ಪಣದ ಕಿರಣಚಿತ್ರವನ್ನು ತೋರಿಸಿ, "ತಾತ, ಬೆಳಕು ಕನ್ನಡಿ ತೂರಿಕೊಂಡು ಹಿಂದಕ್ಕೆ ಹೋಗುತ್ತಾ?" ಎಂದು ಕೇಳಿದ. ದರ್ಪಣದ ಹಿಂಬದಿಯಲ್ಲಿ ಚುಕ್ಕಿಗೆರೆಯಾಗಿರಬೇಕಾದದ್ದು ಮುದ್ರಣದಲ್ಲಿ ಮಸುಕಾಗಿ ಅಖಂಡ ಗೆರೆಯಾಗಿತ್ತು. ಮಿಥ್ಯ ಪ್ರತಿಬಿಂಬವನ್ನು ಸೂಚಿಸುವುದೇ ಆ ಚುಕ್ಕಿಗೆರೆ. ಹುಡುಗನ ಪ್ರಶ್ನೆ ಸರಿಯಾಗಿಯೇ ಇತ್ತು, ತಪ್ಪಿದ್ದುದು ಚಿತ್ರದಲ್ಲಿ.

ನನ್ನ ಶಿಷ್ಯರಲ್ಲಿ ಹಲವರು ಇಂದು ಉಪಾಧ್ಯಾಯರಾಗಿದ್ದೀರಿ, ಪ್ರಶ್ನೆಪತ್ರಿಕೆ, ಕೈಪಿಡಿಗಳನ್ನು ಸಿದ್ಧಪಡಿಸುತ್ತೀರಿ. ಆದುದರಿಂದ ನಿಷ್ಠುರವಾಗಿಯೇ ಹೇಳುತ್ತೇನೆ: ಎಲ್ಲಿಂದಲೋ ಬಂದ ಚಿತ್ರವನ್ನು ಹಿಗ್ಗಿಸಿ ಅಂಟಿಸುವುದು, ಕಾಗುಣಿತದ ತಪ್ಪುಗಳಿರುವ ಪಾಠವನ್ನು ಅಚ್ಚಿಗೆ ಕಳುಹಿಸಿದಷ್ಟೇ ದೊಡ್ಡ ಲೋಪ.

ಲೆಕ್ಕ ಸರಳವಾಗಿದೆ. ಒಳ್ಳೆಯ ಮುದ್ರಣಕ್ಕೆ ಅಂಗುಲವೊಂದಕ್ಕೆ ಸುಮಾರು 300 ಪಿಕ್ಸೆಲ್ ಬೇಕು. 600 ಪಿಕ್ಸೆಲ್ ಅಗಲದ ಚಿತ್ರ 2 ಅಂಗುಲಕ್ಕೆ ಸಾಕು. ಅದನ್ನೇ 5 ಅಂಗುಲಕ್ಕೆ ಎಳೆದರೆ ಅಂಗುಲಕ್ಕೆ ಉಳಿಯುವುದು 120 ಮಾತ್ರ. ಜಿಂಪ್ ತಂತ್ರಾಂಶದ 'ಪ್ರಿಂಟ್ ಸೈಜ್'ನಲ್ಲಿ 72ನ್ನು ಅಳಿಸಿ 300 ಎಂದು ಬರೆದ ಮಾತ್ರಕ್ಕೆ ಹೊಸ ಪಿಕ್ಸೆಲ್‌ಗಳು ಹುಟ್ಟುವುದಿಲ್ಲ. ಅಚ್ಚಾಗುವ ಅಳತೆಯಷ್ಟೇ ಕಿರಿದಾಗುತ್ತದೆ.

1992ರಲ್ಲಿ ಮಾನಕವಾದ ಜೆಪೆಗ್ ಛಾಯಾಚಿತ್ರಗಳಿಗೆಂದು ರೂಪುಗೊಂಡದ್ದು. ಅದು ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ವಿಭಾಗಿಸಿ ಸೂಕ್ಷ್ಮ ವಿವರಗಳನ್ನು ಬಿಟ್ಟುಬಿಡುತ್ತದೆ. ನಮ್ಮ ಒತ್ತಕ್ಷರಗಳು ಮೊದಲು ನಲುಗುವುದು ಅಲ್ಲಿಯೇ. ತೆರೆಚಿತ್ರಗಳನ್ನು, ಅಂದರೆ ಸ್ಕ್ರೀನ್‌ಶಾಟ್‌ಗಳನ್ನು, ಪಿಎನ್‌ಜಿ ರೂಪದಲ್ಲಿ ಉಳಿಸಿದರೆ ಯಾವ ವಿವರವೂ ನಷ್ಟವಾಗದು. ಚಿತ್ರ ಸೆರೆಹಿಡಿಯುವ ಮುನ್ನ ತೆರೆಯ ಮೇಲಿನ ಅಕ್ಷರಗಳನ್ನೇ ದೊಡ್ಡದು ಮಾಡಿಕೊಳ್ಳುವುದು ಉತ್ತಮ. ಅನಂತರ ಹಿಗ್ಗಿಸಲೇಬೇಕಾದರೆ ಎರಡು ಅಥವಾ ಮೂರು ಪಟ್ಟು ಎಂಬಂತೆ ಪೂರ್ಣಸಂಖ್ಯೆಯಲ್ಲಿ ಹಿಗ್ಗಿಸಿ, 'ಇಂಟರ್‌ಪೋಲೇಷನ್' ಎಂಬಲ್ಲಿ 'ನನ್' ಆರಿಸಿ. ಆಗ ಅಂಚುಗಳು ಕದಡುವುದಿಲ್ಲ.

ರೇಖಾಚಿತ್ರಗಳಿಗಾದರೋ ಪಿಕ್ಸೆಲ್ಲಿನ ಹಂಗೇ ಬೇಡ. ಉಚಿತವಾಗಿ ದೊರೆಯುವ ಇಂಕ್‌ಸ್ಕೇಪ್‌ನಲ್ಲಿ ಗೆರೆಯು ಗಣಿತದ ವಿವರಣೆಯಾಗಿ ಉಳಿಯುವುದರಿಂದ ಎಷ್ಟು ಹಿಗ್ಗಿಸಿದರೂ ಮೊನಚು ಕೆಡದು. ಕನ್ನಡ ಹೆಸರುಗಳನ್ನು ಕೊನೆಯಲ್ಲಿ 'ಆಬ್ಜೆಕ್ಟ್ ಟು ಪಾತ್' ಮೂಲಕ ಆಕೃತಿಗಳಾಗಿಸಿದರೆ, ಮುದ್ರಣಾಲಯದಲ್ಲಿ ಆ ಫಾಂಟ್ ಇಲ್ಲದಿದ್ದರೂ ಅಕ್ಷರ ಒಡೆಯುವುದಿಲ್ಲ. ತಿದ್ದಲು ಅನುಕೂಲವಾಗುವಂತೆ ಮೂಲ ಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳಿ.

"ಇಷ್ಟಕ್ಕೆಲ್ಲ ಸಮಯವೆಲ್ಲಿದೆ ಸಾರ್?" ಎಂದು ನೀವು ಕೇಳಬಹುದು. ಒಮ್ಮೆ ಬರೆದಿಟ್ಟ ಕಿರಣಚಿತ್ರ ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ. ಅದೂ ಆಗದಿದ್ದರೆ ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ, ಅಡಿಪಟ್ಟಿ ಹಿಡಿದು ಬರೆದು, 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ನೂರಾರು ಪ್ರತಿ ತೆಗೆಯುವ ಮೊದಲು ಒಂದನ್ನು ಅಚ್ಚುಹಾಕಿ, ಪಾಠ ಗೊತ್ತಿಲ್ಲದ ಯಾರಿಗಾದರೂ ತೋರಿಸಿ. ಚುಕ್ಕಿಗೆರೆ ಯಾವುದು, ಬಾಣ ಎತ್ತ ಎಂದು ಕೇಳಿ.

ತರಗತಿಯಲ್ಲಿ ಹಲಗೆಯ ಮೇಲಿನ ಚಿತ್ರ ಕಾಣದಿದ್ದರೆ ಹಿಂದಿನ ಬೆಂಚಿನವರು ಎದ್ದು ನಿಂತು ಹೇಳುತ್ತಿದ್ದಿರಿ, ನಾನು ಅಳಿಸಿ ಮತ್ತೆ ಬರೆಯುತ್ತಿದ್ದೆ. ಅಚ್ಚಾದ ಪುಟದ ಮುಂದೆ ಕುಳಿತ ಮಗುವಿಗೆ ಹಾಗೆ ಕೇಳುವ ಅವಕಾಶವಿಲ್ಲ. ಕಂಡದ್ದನ್ನೇ ಸತ್ಯವೆಂದು ನಂಬಿ ಅದು ಪರೀಕ್ಷೆ ಬರೆಯುತ್ತದೆ.